ರುದ್ರಮ್ಮ ಓದಿದ ಆಕಾಶದ ಅಂಕಿ

ಮಗಳು ಲತಾಮಣಿಗೆ ವಿಮಾನದಲ್ಲಿ ಗಗನಸಖಿಯ ಕೆಲಸ ಸಿಕ್ಕಾಗ ಸಾರಕ್ಕಿಯ ರುದ್ರಮ್ಮ ಬೀದಿಗೆಲ್ಲ ಮೈಸೂರ್‌ಪಾಕ್ ಹಂಚಿದ್ದಳು. ಈಚೆಗೆ ಮೊಬೈಲಿನಲ್ಲಿ ಯಾರೋ ಕಳಿಸಿದ ವಿಡಿಯೋ ನೋಡಿದ ಮೇಲೆ ಮಾತ್ರ ಅವಳಿಗೆ ಊಟ ಸೇರುತ್ತಿರಲಿಲ್ಲ. ಮೇಲೆ ಹೋದಷ್ಟೂ ಆಕಾಶದಿಂದ ವಿಕಿರಣ ಬಂದು ಮೈಯೊಳಗೆ ತೂರುತ್ತದಂತೆ!

"ಆ ಕೆಲ್ಸ ಬಿಟ್ಬಿಡೇ. ಜಯನಗರದಲ್ಲಿ ಯಾವ್ದಾದ್ರೂ ಆಫೀಸ್ ಸೇರ್ಕೊ."

"ಅಲ್ಲಿ ವಿಕಿರಣ ಎಷ್ಟು ಬರುತ್ತೆ ಅಂತ ನಿಂಗೊತ್ತೇನಮ್ಮ?"

"ಗೊತ್ತಿಲ್ಲ. ಅದಕ್ಕೇ ಭಯ."

ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಪ್ರಸನ್ನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಪ್ರಯಾಣಿಕರ ವಿಮಾನಗಳಲ್ಲಿ ಈ ವಿಕಿರಣ ಎಷ್ಟಿದೆಯೆಂದು ಅಳೆಯುವುದೇ ಅವನ ಸಂಶೋಧನೆ. ತಾಯಿ ಮಗಳ ಜಗಳ ಕೇಳಿ ಇಳಿದುಬಂದ. "ಆಂಟಿ, ಮುಂದಿನ ವಾರ ಡೆಲ್ಲಿಗೆ ಹೋಗ್ತಿದೀನಿ. ನೀವೂ ಬನ್ನಿ. ಮೀಟರ್ ನಂದು, ಓದೋರು ನೀವು."

ಒಮ್ಮೆಯೂ ವಿಮಾನ ಹತ್ತದ ರುದ್ರಮ್ಮ ಬೆವರಿದಳು. ಆದರೆ ಮಗಳ ವಿಷಯ. ಒಪ್ಪಿದಳು.

ಅಂದು ಅದೇ ವಿಮಾನದಲ್ಲಿ ಲತಾಮಣಿಗೆ ಡ್ಯೂಟಿ. ಬಾಗಿಲಲ್ಲಿ ಕೈಮುಗಿದು, "ಸ್ವಾಗತ ಮೇಡಂ," ಎಂದಳು.

"ಯಾರೇ ಮೇಡಂ? ಅಮ್ಮ ಅನ್ನೇ!"

ಹಿಂದಿದ್ದವರೆಲ್ಲ ನಕ್ಕರು.

ಕ್ಯಾಪ್ಟನ್ ಮೊದಲೇ ಅನುಮತಿ ಕೊಟ್ಟಿದ್ದರಿಂದ ಅಂಗೈಯಗಲದ ಮೀಟರ್ ರುದ್ರಮ್ಮನ ಮಡಿಲಿಗೆ ಬಂತು. ವಿಮಾನ ಓಡತೊಡಗಿದ್ದೇ ತಡ, ಅವಳು ಕಣ್ಣು ಮುಚ್ಚಿ ಪ್ರಸನ್ನನ ತೋಳನ್ನು ಬಿಗಿಯಾಗಿ ಹಿಡಿದಳು.

"ಆಂಟಿ, ಕಣ್ಮುಚ್ಕೊಂಡ್ರೆ ಅಂಕಿ ಓದೋದು ಹೆಂಗೆ?"

ಒಂದು ಕಣ್ಣು ತೆರೆದಳು. ಸ್ವಲ್ಪ ಹೊತ್ತಿಗೆ ಇನ್ನೊಂದೂ ತೆರೆಯಿತು. "ಇದೇನಪ್ಪ, ಕಮ್ಮಿ ಆಗ್ತಾ ಇದೆ! ಕೆಟ್ಟೋಯ್ತಾ?"

"ಇಲ್ಲ. ನಮ್ಮೂರ ಕಲ್ಲಲ್ಲೂ ಸ್ವಲ್ಪ ವಿಕಿರಣ ಇರುತ್ತೆ. ನೆಲದಿಂದ ದೂರ ಬಂದ್ವಲ್ಲ, ಅದು ತಪ್ತು."

"ಹಂಗಾದ್ರೆ ನಾನು ಹುಟ್ಟಿದಾಗಿಂದ ಚಪ್ಪಡಿ ಮೇಲೆ ಮಲಗಿದ್ದು?" ರುದ್ರಮ್ಮನಿಗೆ ನಗು ತಡೆಯಲಾಗಲಿಲ್ಲ.

ಇನ್ನೂ ಮೇಲೇರಿದಾಗ ಅಂಕಿಯೂ ಏರಿತು. ಮೋಡ ದಾಟಿದ ಮೇಲೆ ನೆಲದಲ್ಲಿದ್ದದ್ದರ ಹತ್ತು ಪಟ್ಟಾಯಿತು. ಅವಳ ನಗು ನಿಂತುಹೋಯಿತು.

"ಹತ್ತು ಪಟ್ಟು ಕಣಪ್ಪ!"

"ಹೌದು ಆಂಟಿ, ಸುಳ್ಳು ಹೇಳಲ್ಲ. ಆದ್ರೂ ಡೆಲ್ಲಿ ತಲುಪೋವರ್ಗೂ ಎಲ್ಲಾ ಕೂಡಿಸಿದ್ರೂ, ಕೆಮ್ಮು ಅಂತ ಬನಶಂಕರಿಯಲ್ಲಿ ಎದೆ ಎಕ್ಸ್‌ರೇ ತೆಗೆಸಿದ್ರಲ್ಲ, ಅದಕ್ಕಿಂತ ಕಮ್ಮಿ."

"ಅವ್ಳು ವರ್ಷವೆಲ್ಲ ಹಾರ್ತಾಳಲ್ಲ?"

"ವರ್ಷದ್ದು ಕೂಡಿಸಿದ್ರೂ ಮಿತಿಯೊಳಗೇ ಇರುತ್ತೆ. ಅದನ್ನ ಆಗಾಗ ಅಳೀತಾ ಇರ್ಬೇಕು ಅಂತಾನೇ ನಾನು ಈ ಕೆಲ್ಸ ಮಾಡ್ತಿರೋದು."

ಎಷ್ಟೋ ದಿನದ ಭಾರ ಎದೆಯಿಂದ ಇಳಿಯಿತು. ರುದ್ರಮ್ಮ ಕಿಟಕಿಯಾಚೆ ನೋಡಿದಳು. ಕೆಳಗೆ ಬಿಸಿಲಿನಲ್ಲಿ ಬೆಣ್ಣೆ ಚೆಲ್ಲಿದಂತೆ ಮೋಡ.

"ಎಲ್ಲಿಂದ ಬರ್ತವೋ ಈ ಕಿರಣಗಳು?"

"ಎಲ್ಲೋ ಸಿಡಿದ ನಕ್ಷತ್ರಗಳಿಂದ, ಆಂಟಿ."

"ಅಷ್ಟು ದೂರದಿಂದ ನನ್ ಹತ್ರಕ್ಕಾ!" ಅವಳು ಅಂಗೈ ಬಿಡಿಸಿ, ಅಲ್ಲೇನೋ ಕಾಣುವುದೇನೋ ಎಂಬಂತೆ ನೋಡಿದಳು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಅಂಕಿ ಬದಲಾದಾಗಲೆಲ್ಲ ಅಕ್ಕಪಕ್ಕದವರಿಗೆ ಕೇಳುವಂತೆ ಓದುತ್ತಿದ್ದಳು. ಹಿಂದಿನ ಸಾಲಿನವರೂ ತಲೆಯೆತ್ತಿ ಕೇಳತೊಡಗಿದರು. ಇಳಿಯುವ ಹೊತ್ತಿಗೆ ಬೆಲ್ಟ್ ನೋಡಲು ಬಂದ ಲತಾಮಣಿ ಬಗ್ಗಿ ಪಿಸುಗುಟ್ಟಿದಳು: "ಕೆಲ್ಸ ಬಿಡ್ಲೇನಮ್ಮ?"

"ಯಾಕೇ ಬಿಡ್ತೀಯ? ಪ್ರಸನ್ನ, ವಾಪಸ್ ಹೋಗೋವಾಗ್ಲೂ ನಾನೇ ಓದ್ತೀನಿ. ಕಿಟಕಿ ಸೀಟು ಬೇರೆಯೋರಿಗೆ ಕೊಟ್ಟೀಯ ಮತ್ತೆ!"