ಬಾವಿಯೊಳಗಿನ ಸಹಿ

“ಎಲ್ಲಿ ಮುಚ್ಚಿಟ್ಟಿದ್ದೀರೋ ನನ್ನ ನೀರನ್ನ, ಬೋಳಿಮಕ್ಕಳಾ?”

ಧಣಿ ಬಾವಿಯ ಬಾಯಿಗೆ ಬಗ್ಗಿ ಕೂಗಿದ. ನಲವತ್ತೆರಡು ಅಡಿ ಕೆಳಗೆ ನನ್ನ ಗಂಡ ಪಿಕಾಸಿ ಹಾಕುತ್ತಿದ್ದ. ಮೇಲೆ ರಾಟೆಯ ಹಗ್ಗ ಹಿಡಿದು ನಿಂತವಳು ನಾನು. ಬೈಗುಳ ಕೆಳಗೆ ಹೋಗಿ, ಬಂಡೆಗೆ ಬಡಿದು, ಮತ್ತೆ ಮೇಲೆ ಬಂದು ಧಣಿಯ ಮುಖಕ್ಕೇ ತಾಗಿತು. ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಎಲ್ಲಿದೆ ಧಣೀ ನೀರು?” ಕೆಳಗಿನಿಂದ ನನ್ನ ಗಂಡನ ದನಿ ಬಂತು. “ಇದ್ದಿದ್ರೆ ಮೊದ್ಲು ನಾನೇ ಮುಖ ತೊಳ್ಕೊಳ್ತಿದ್ದೆ.”

“ನೋಡು ಬಾಯಿ! ನೀರು ಸಿಕ್ಕಿದೆ, ಜೇಡಿಮಣ್ಣು ಮೆತ್ತಿ ಮುಚ್ಚಿದ್ದೀಯ. ನಿಮ್ಮ ಬುದ್ಧಿ ನಂಗೊತ್ತಿಲ್ವಾ?”

ಎದುರಿಗೆ ಧಣಿಗೆ ಬಹುವಚನ, ಮನಸ್ಸಿನಲ್ಲಿ ಏಕವಚನ. ನಮ್ಮ ಕೇರಿಯಲ್ಲಿ ಎಲ್ಲರದ್ದೂ ಹೀಗೆಯೇ. ನಾವು ಬಾವಿ ತೋಡುವವರು. ಎಂಥ ಬಿಲವಾದರೂ ಹೊಗುತ್ತಾನೆಂದು ನನ್ನ ಗಂಡನನ್ನು ಎಲ್ಲರೂ ಏಡಿ ಅನ್ನುತ್ತಾರೆ. ಅವನು ಒಳಗೆ, ನಾನು ಹೊರಗೆ, ನಡುವೆ ಒಂದು ಹಗ್ಗ. ಹದಿನಾರು ವರ್ಷದ ಸಂಸಾರ ಹೀಗೇ ನಡೆದಿದೆ. ಜಗಳವಾಡಿದ ದಿನ ಅವನು ಬಹಳ ಮರ್ಯಾದೆಯಿಂದ ಇರುತ್ತಾನೆ, ಯಾಕೆಂದರೆ ಸಂಜೆ ಅವನನ್ನು ಮೇಲಕ್ಕೆ ಎಳೆಯಬೇಕಾದವಳು ನಾನು.

ಈ ಊರಿನ ಹನ್ನೊಂದು ಬಾವಿ ನಾವು ತೋಡಿದ್ದು. ನೀರು ಬರುವ ತನಕ ಬಾವಿ ನಮ್ಮದು, ಬಂದ ಮರುದಿನ ನಾವು ಅದರ ಕಟ್ಟೆ ಮುಟ್ಟುವಂತಿಲ್ಲ. ಹೋದ ಬೇಸಿಗೆಯಲ್ಲಿ ಹನ್ನೊಂದನೆಯ ಬಾವಿಗೆ ನಾನು ಕೊಡ ಹಿಡಿದು ಹೋದೆ. ಅದನ್ನು ತೋಡುವಾಗ ಸುಲಿದ ನನ್ನ ಅಂಗೈ ಇನ್ನೂ ಮಾಗಿರಲಿಲ್ಲ. ಇದೇ ಧಣಿ ಅಲ್ಲಿ ನಿಂತಿದ್ದ. ಮಾತಿಲ್ಲ ಕತೆಯಿಲ್ಲ, ಕಾಲೆತ್ತಿ ಕೊಡವನ್ನು ಒದ್ದ. ಕೊಡ ಉರುಳಿಕೊಂಡು ಹೋಯಿತು, ನಿಂತವರು ನಕ್ಕರು. ಆವತ್ತು ಬಂದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

“ಈ ಊರು ಬಿಡೋಣ,” ಎಂದೆ ಆ ಸಂಜೆ. ಗಂಡ ಹೂಂಗುಟ್ಟಿದ. ಮೂರು ದಿನದ ಹಾದಿಯ ಇನ್ನೊಂದು ರಾಜ್ಯದಲ್ಲಿ ನನ್ನ ಅಕ್ಕ, ಭಾವ ಸುರಂಗದ ಕೆಲಸ ಮಾಡುತ್ತಾರೆ. ಭಾವ ಫೋನಿನಲ್ಲಿ ಹೇಳಿದ: “ಬನ್ನಿ. ಇಲ್ಲಿ ಭಾಷೆ ಒಂದಕ್ಷರ ಅರ್ಥ ಆಗಲ್ಲ. ಅದೂ ಒಂದು ಸುಖಾನೇ, ಬೈದ್ರೂ ಅರ್ಥ ಆಗಲ್ಲ. ಕುಡಿಯೋ ನೀರಿನ ನಲ್ಲಿ ಮಾತ್ರ ಎಲ್ಲಾರ್ಗೂ ಒಂದೇ.”

ಆದರೆ ಅಲ್ಲಿಯ ಮೇಸ್ತ್ರಿಗೆ ಒಂದು ಕಾಗದ ಬೇಕು. ‘ಇವರು ಗಂಡ ಹೆಂಡತಿ, ಅಗೆತದ ಕೆಲಸ ಬಲ್ಲರು, ಕಳ್ಳರಲ್ಲ, ಇವರು ಬರುವುದಕ್ಕೆ ನನ್ನ ಅಡ್ಡಿಯಿಲ್ಲ’ ಎಂದು ಕೊನೆಯದಾಗಿ ಕೆಲಸ ಕೊಟ್ಟವರು ಸಹಿ ಹಾಕಬೇಕು. ಕಾಗದ ಬರೆಸಿಟ್ಟುಕೊಂಡು ಎರಡು ತಿಂಗಳಾಯಿತು. ಸೊಂಟದಲ್ಲಿ ಸಿಕ್ಕಿಸಿಕೊಂಡು ಬೆವರಿಗೆ ಎರಡು ಕಾಗದ ಹರಿದುಹೋದವು, ಇದು ಮೂರನೆಯದು. ಕೇಳಿದಾಗಲೆಲ್ಲ ಧಣಿಯದು ಒಂದೇ ಮಾತು: “ನೀರು ಬರ್ಲಿ, ಹಾಕ್ತೀನಿ.”

ಬರುವುದು ಹೇಗೆ? ನನ್ನ ಗಂಡ ತೋರಿಸಿದ ಜಾಗ ಹಿತ್ತಲ ತಗ್ಗಿನಲ್ಲಿತ್ತು. ಧಣಿ ಅದನ್ನು ಬಿಟ್ಟು ಹೆಂಡತಿಯ ತಮ್ಮನ ಮಾತು ಕೇಳಿದ. ಆ ಭಾವಮೈದ ನೀರಿನ ಸೆಲೆ ತೋರಿಸುವ ಒಂದು ಕವಲುಕಡ್ಡಿ ಹಿಡಿದು ಬಿಸಿಲಲ್ಲಿ ಹಿತ್ತಲು ಸುತ್ತಿದ. ಮನೆಯ ನೆರಳು ಬೀಳುವಲ್ಲಿಗೆ ಬಂದಾಗ ಕಡ್ಡಿ ಬಗ್ಗಿತು. ಕಡ್ಡಿಗಿಂತ ಮುಂಚೆ ಅವನೇ ಸುಸ್ತಾಗಿ ಬಗ್ಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇವತ್ತು ಮಧ್ಯಾಹ್ನ ಮೇಸ್ತ್ರಿಯ ಗಾಡಿ ನಾಲ್ಕು ರಸ್ತೆ ಕೂಡುವಲ್ಲಿಗೆ ಬರುತ್ತದೆ. ಮತ್ತೆ ಬರುವುದು ಮುಂದಿನ ವರ್ಷ. ನಮ್ಮ ಗಂಟು ಬೆಳಿಗ್ಗೆಯೇ ಗೋಡೆಗೆ ಒರಗಿ ಕೂತಿತ್ತು. ಅದನ್ನು ನೋಡಿಯೇ ಧಣಿಗೆ ಪಿತ್ತ ನೆತ್ತಿಗೇರಿದ್ದು.

“ಓಡಿಹೋಗೋಕೆ ತಯಾರಾಗಿದ್ದೀರಾ? ಏ ಏಡಿ, ಮೇಲೆ ಬಾರೋ. ನಾನೇ ಇಳಿದು ನೋಡ್ತೀನಿ. ನೀರು ಸಿಗಲಿ, ನಿಮ್ಮ ಚರ್ಮ ಸುಲೀತೀನಿ.”

ಗಂಡನನ್ನು ಮೇಲಕ್ಕೆ ಎಳೆದೆ. ಧಣಿ ಹಗ್ಗಕ್ಕೆ ಕಟ್ಟಿದ ಹಲಗೆಯನ್ನು ನೋಡಿದ. ನಾವು ಕೂತು ಇಳಿಯುವ ಹಲಗೆ.

“ತೊಳೀರಿ ಅದನ್ನ.”

“ಯಾವ ನೀರಲ್ಲಿ ಧಣೀ?” ಎಂದೆ.

ಅವನು ನನ್ನನ್ನು ನುಂಗುವಂತೆ ನೋಡಿ, ಹೆಗಲ ಟವೆಲು ತೆಗೆದು ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲೆ ಹಾಸಿ ಕೂತ. ನನ್ನ ಗಂಡ ಕೈಕಟ್ಟಿ ನಿಂತು ಹೇಳಿದ: “ಧಣೀ, ಹಗ್ಗ ಒಂದ್ಸಲ ಜಗ್ಗಿದ್ರೆ ನಿಲ್ಲಿಸ್ತೀವಿ. ಎರಡು ಸಲ ಜಗ್ಗಿದ್ರೆ ಎಳೀತೀವಿ. ಮೂರು ಸಲ ಜಗ್ಗಿದ್ರೆ ಇಳಿಸ್ತೀವಿ. ಬಾವೀಲಿ ಬಾಯಿಮಾತು ನಂಬೋ ಹಾಗಿಲ್ಲ, ಹಗ್ಗಾನೇ ಮಾತು.”

“ನಂಗೆ ಪಾಠ ಹೇಳ್ಬೇಡ್ವೋ ಕತ್ತೆ. ಬಿಡು ಕೆಳಗೆ.”

ಬಿಟ್ಟೆವು. ಇಬ್ಬರೂ ಹಿಡಿದರೂ ಕೈ ಕಿತ್ತುಬರುವ ಭಾರ. ತಿಂದದ್ದೆಲ್ಲ ಹಗ್ಗಕ್ಕೆ ಲೆಕ್ಕ ಸಿಗುತ್ತದೆ. ಕೆಳಗೆ ತಲುಪಿದವನು ಗೋಡೆ ಕೆರೆದ, ಬಂಡೆ ಗುದ್ದಿದ, ಏನೇನೋ ತಟ್ಟಿದ. ಬಹಳ ಹೊತ್ತಿನ ಮೇಲೆ ದನಿ ಬಂತು.

“ಇಲ್ಲೇನೂ ಇಲ್ವಲ್ಲೋ!”

“ಅದನ್ನೇ ಎರಡು ತಿಂಗಳಿಂದ ಹೇಳ್ತಾ ಇದ್ದೀವಿ!” ಎಂದ ಏಡಿ.

“ಸರಿ ಸರಿ. ಎಳೀರಿ.”

ನಾವು ಮೊದಲೇ ಹೂಡಿದ ಆಟ ಇದಲ್ಲ, ನನ್ನ ಮಕ್ಕಳಾಣೆ. ಮಕ್ಕಳಿಲ್ಲ, ಹುಟ್ಟಿದ್ದರೆ ಅವರಾಣೆ. ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು, ಕಾಗದ ಹೊರಗೆ ಬಂತು. ಗಂಡ ಕಾಗದ ನೋಡಿದ, ಬಾವಿ ನೋಡಿದ, ನನ್ನ ಮುಖ ನೋಡಿದ.

“ಬೇಡ ಕಣೇ. ಜೈಲಿಗೆ ಹಾಕಿಸ್ತಾನೆ.”

“ಹಾಕಿಸ್ಲಿ ಬಿಡಯ್ಯಾ. ಅಲ್ಲಾದ್ರೂ ಕುಡಿಯೋಕೆ ನೀರು ಕೊಡ್ತಾರೆ.”

ಮಣ್ಣು ಎತ್ತುವ ಬಕೆಟ್ಟಿನಲ್ಲಿ ಕಾಗದ ಇಟ್ಟು, ಹಾರದಂತೆ ಮೇಲೊಂದು ಕಲ್ಲಿಟ್ಟು, ಸಣ್ಣ ಹಗ್ಗದಲ್ಲಿ ಇಳಿಬಿಟ್ಟೆ.

“ಏನಿದು?”

“ನಮ್ಮ ಕಾಗದ ಧಣೀ. ಪೆನ್ನು ನಿಮ್ಮ ಜೇಬಲ್ಲೇ ಇದೆ. ಒಂದು ಸಹಿ ಹಾಕ್ಬಿಡಿ, ಎಳೆದುಬಿಡ್ತೀವಿ.”

ಆಮೇಲೆ ಬಂದ ಮಾತುಗಳನ್ನು ಅಚ್ಚಿನಲ್ಲಿ ಹಾಕಿದರೆ ಕಾಗದವೇ ನಾಚಿಕೊಳ್ಳುತ್ತದೆ. ನನ್ನ ತಾಯಿ, ಅವಳ ತಾಯಿ, ನಾವು ಹುಟ್ಟಿದ ಗಳಿಗೆ, ಯಾವುದನ್ನೂ ಅವನು ಬಿಡಲಿಲ್ಲ. ಮನೆಯೊಳಗೆ ಧಣಿಯ ಹೆಂಡತಿ ಅಮ್ಮನವರೂ ಅವರ ತಮ್ಮನೂ ಟಿ.ವಿ. ಜೋರಾಗಿ ಹಚ್ಚಿಕೊಂಡು ಕೂತಿದ್ದರು, ಅವರಿಗೆ ಏನೂ ಕೇಳಿಸಲಿಲ್ಲ. ನಾವಿಬ್ಬರೂ ತೋಡಿದ ಮಣ್ಣಿನ ದಿಬ್ಬದ ಮೇಲೆ ಕೂತು ಕೇಳಿದೆವು. ಮೇಲಿನಿಂದ ಬೀಳುವ ಬೈಗುಳ ಒಂದು ಥರ, ಕೆಳಗಿನಿಂದ ಏರಿ ಬರುವ ಬೈಗುಳ ಇನ್ನೊಂದು ಥರ. ಇದಕ್ಕೆ ಏದುಸಿರು ಜಾಸ್ತಿ.

ಹೊತ್ತು ನೆತ್ತಿಗೆ ಬಂತು. ಬಿಸಿಲು ನೆಟ್ಟಗೆ ಬಾವಿಯೊಳಗೆ ಬಿತ್ತು. ಬೈಗುಳ ಮೊಟಕಾಗುತ್ತಾ ಬಂದು ಕೊನೆಗೆ ಕೆಮ್ಮಾಯಿತು.

“ಏಯ್... ನೀರು ಕೊಡ್ರೋ.”

“ನಮ್ಮ ಚೊಂಬಿನದು ಇದೆ ಧಣೀ. ನಾವು ಬಾಯಿಟ್ಟು ಕುಡಿದದ್ದು,” ಎಂದೆ. “ಬೇಡ ಅಂದ್ರೆ ಅಲ್ಲೇ ನಾವು ಮುಚ್ಚಿಟ್ಟ ನಿಮ್ಮ ನೀರಿದೆಯಲ್ಲ, ಅದನ್ನೇ ಕುಡೀರಿ.”

ಕೆಳಗೆ ಇನ್ನೆರಡು ಸಲ ಕೆಮ್ಮಿದ.

“ಕಳ್ಸೇ ಮುಂಡೆ.”

ಬಕೆಟ್ಟನ್ನು ಮೇಲೆಳೆದು, ಚೊಂಬು ಇಟ್ಟು ಕಳಿಸಿದೆ. ಅವನು ಗಟಗಟ ಕುಡಿದದ್ದು ಮೇಲಿನ ತನಕ ಕೇಳಿಸಿತು. ಏಡಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ. ನನಗೆ ನಗು ಬರಲಿಲ್ಲ, ಅಳು ಬಂತು. ಯಾಕೆಂದು ಕೇಳಿದರೆ ಹೇಳಲಾರೆ. ಬಕೆಟ್ಟು ಮೇಲೆ ಬಂದಾಗ ಅದರಲ್ಲಿ ಖಾಲಿ ಚೊಂಬಿತ್ತು, ಕಾಗದವಿತ್ತು, ಕಾಗದದ ಕೆಳಗೆ ಕೋಳಿ ಕೆದರಿದಂಥ ಸಹಿ ಇತ್ತು.

ಮಾತು ಅಂದರೆ ಮಾತು. ಇಬ್ಬರೂ ಹಗ್ಗಕ್ಕೆ ಕೈ ಹಾಕಿ ಎಳೆಯತೊಡಗಿದೆವು. ಅರ್ಧ ಬಾವಿ ಏರಿದ್ದೇ ತಡ, ಧಣಿಗೆ ದೊಡ್ಡಸ್ತಿಕೆ ವಾಪಸು ಬಂತು.

“ಮೇಲೆ ಬಂದ ಕೂಡ್ಲೇ ಮೇಸ್ತ್ರಿ ಹತ್ರ ಹೋಗ್ತೀನಿ! ಕಳ್ಳರು ಅಂತೀನಿ! ಆ ಕಾಗದ ಹರಿದು ನಿಮ್ಮ ಬಾಯಿಗೇ ತುರುಕ್ತೀನಿ! ತಿಳೀತಾ? ತಿಳೀತಾ? ತಿಳೀತಾ?”

ಒಂದೊಂದು ‘ತಿಳೀತಾ’ಗೂ ಹಗ್ಗವನ್ನು ಒಂದೊಂದು ಸಲ ಜಗ್ಗಿದ. ನನ್ನ ಗಂಡ ನನ್ನನ್ನು ನೋಡಿದ.

“ಎಷ್ಟು ಸಲ ಜಗ್ಗಿದ್ರು ಕಣೇ?”

“ಮೂರು.”

“ಮೂರು ಅಂದ್ರೆ?”

“ಇಳಿಸು ಅಂತ.”

ಬಹಳ ವಿಧೇಯತೆಯಿಂದ ಇಳಿಸಿದೆವು. ಅಷ್ಟರಲ್ಲಿ ನಾಲ್ಕು ರಸ್ತೆಯ ಕಡೆಯಿಂದ ಹಾರ್ನು ಕೇಳಿಸಿತು. ಏಡಿ ಹಗ್ಗದ ತುದಿಯನ್ನು ಗೂಟಕ್ಕೆ ಸುತ್ತಿ, ನಮ್ಮ ಗಂಟು ಎತ್ತಿಕೊಂಡ. ನಾನು ಓಡಿಹೋಗಿ ಬಾಗಿಲು ಬಡಿದೆ. ಅಮ್ಮನವರು ಬಂದರು, ಹಿಂದೆ ಅವರ ತಮ್ಮ ಬಾಯಲ್ಲಿ ಏನೋ ಮೆಲ್ಲುತ್ತಾ ಬಂದ.

“ಅಮ್ಮಾ, ಧಣಿ ನೀರು ನೋಡೋಕೆ ಇಳಿದಿದ್ದಾರೆ. ನಮ್ಮ ಗಾಡಿ ಬಂತು, ನಾವು ಹೊರಟ್ವಿ. ನೋಡಿ, ಸಹೀನೂ ಹಾಕಿಕೊಟ್ಟಿದ್ದಾರೆ. ನೀವಿಬ್ರೂ ಸೇರಿ ಎಳ್ಕೊಂಡ್ಬಿಡಿ.”

“ನಾವಾ? ನಮಗೆ ಬರುತ್ತಾ ಇದೆಲ್ಲಾ?”

“ಏನಿದೆಯಮ್ಮಾ ಬರೋಕೆ. ಕಾಲು ಅಗಲ ಇಟ್ಟು ನಿಂತ್ಕೊಳ್ಳಿ. ತೋಳಲ್ಲಿ ಎಳೀಬೇಡಿ, ಸೊಂಟದಲ್ಲಿ ಎಳೀರಿ.” ಹಗ್ಗವನ್ನು ಅವರ ಕೈಗೆ ಕೊಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಕೂರಿಸಿದೆ. ಮೆತ್ತನೆಯ ಬೆರಳು. ನಾನು ಮುಟ್ಟಿದೆನೆಂಬುದು ಗಾಬರಿಯಲ್ಲಿ ಅವರಿಗೆ ಹೊಳೆಯಲೂ ಇಲ್ಲ.

ಅಕ್ಕ ತಮ್ಮ ಸೇರಿ ಎಳೆದರು. ಹಗ್ಗ ತಡೆತಡೆದು ಒಂದಾಳುದ್ದ ಮೇಲೆ ಬಂತು. ಕೆಳಗೆ ಧಣಿ ಹಲಗೆಯೊಂದಿಗೆ ಗೋಡೆಗೆ ಬಡಿದುಕೊಂಡ. ಮೇಲೆ ಯಾರಿದ್ದಾರೆಂದು ಅವನಿಗೇನು ಗೊತ್ತು?

“ಸರಿಯಾಗಿ ಎಳೆಯೇ ಹಾದರಗಿತ್ತಿ! ಯಾವ ಸೂಳೆ ಹೆತ್ತಳೇ ನಿನ್ನ? ಪಕ್ಕದಲ್ಲಿ ನಿಂತಿದ್ದಾನಲ್ಲ ಆ ಹೇಡಿ ನಾಯಿ, ಅವನ ಕೈಗೇನು ಲಕ್ವ ಹೊಡೆದಿದೆಯಾ?”

ಅಮ್ಮನವರ ಕೈ ನಿಂತಿತು. ತಮ್ಮನ ಬಾಯಿ ಮೆಲ್ಲುವುದನ್ನು ನಿಲ್ಲಿಸಿತು. ಅಮ್ಮನವರು ನನ್ನ ಕಡೆ ತಿರುಗಿದರು.

“ಇದು... ಯಾರಿಗೇ?”

“ನಂಗಮ್ಮಾ,” ಎಂದೆ. “ದಿನಾ ನಂಗೇ. ಹಗ್ಗ ಹಿಡಿದೋರ್ಗೆ.”

“ಎಳೆಯೇ ಬೇವರ್ಸಿ!” ಎಂದಿತು ಬಾವಿ.

ಅಮ್ಮನವರು ಹಗ್ಗವನ್ನು ಬಿಗಿಯಾಗಿ ಗೂಟಕ್ಕೆ ಸುತ್ತಿದರು. ಒಂದು ಸುತ್ತು, ಎರಡು ಸುತ್ತು, ಮೂರು. ಮೇಲೊಂದು ಗಂಟು ಹಾಕಿ ಎಳೆದು ನೋಡಿದರು. ಆಮೇಲೆ ನೆರಳಲ್ಲಿದ್ದ ಧಣಿಯ ಕುರ್ಚಿಯ ಮೇಲೆ ಹೋಗಿ ಕೂತರು. “ಅಕ್ಕಾ, ಏನ್ಮಾಡ್ತಾ ಇದ್ದೀಯೇ?” ಎಂದ ತಮ್ಮನಿಗೆ, “ನೀನೂ ಕೂತ್ಕೋ,” ಎಂದರು.

ನಾವು ಗಂಟು ಹೊತ್ತು ಬೇಲಿ ದಾಟಿದೆವು. ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ. ಧಣಿ ನನ್ನನ್ನು ಬಯ್ಯುತ್ತಲೇ ಇದ್ದ. ಅಮ್ಮನವರು ತಲೆ ತಗ್ಗಿಸಿ, ಒಂದು ಮಾತೂ ತಪ್ಪಿಹೋಗದಂತೆ ಕೇಳಿಸಿಕೊಳ್ಳುತ್ತಾ ಕೂತಿದ್ದರು.