ಕೋವಿಯ ಪಾಲು

ನಾನು ಬೆಳ್ಳಪ್ಪ. ಅರಳಸುರಳಿ ಕಡೆಯ ಒಂದು ಸಣ್ಣ ಊರಿಗೆ ಪಟೇಲನಾಗಿದ್ದೆ. ಸರ್ಕಾರದ ಕಾಗದಕ್ಕೆ ರುಜು ಹಾಕುವುದೇ ದೊಡ್ಡಸ್ತಿಕೆ ಅಂದುಕೊಂಡಿದ್ದ ದಡ್ಡ. ಅರವತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಹಾಕಿದ ಒಂದು ರುಜು ನನ್ನನ್ನು ಇವತ್ತಿಗೂ ತಿನ್ನುತ್ತಿದೆ.

ಕನ್ನಪ್ಪ ನನ್ನ ಜತೆ ಬೆಳೆದವನು. ಅವನ ಮನೆಯಲ್ಲಿ ಅಪ್ಪನ ಕಾಲದ ಕೇಪಿನ ಕೋವಿಯೊಂದಿತ್ತು. ನಮ್ಮಲ್ಲಿ ಹಂದಿ ಹೊಡೆದರೆ ಆಳಿಗೊಂದು ಪಾಲು ಮಾಂಸ, ಕೋವಿಗೆ ಬೇರೆಯೇ ಒಂದು ಪಾಲು. ಕೋವಿಯ ಪಾಲು ಬರುವ ಮನೆಗೆ ಊರಲ್ಲಿ ಒಂದು ತೂಕ. ಅದು ನಿಂತರೆ ಜನ ಆಡಿಕೊಳ್ಳದೆ ಬಿಡುವುದಿಲ್ಲ.

ಆ ವರ್ಷ ಕೋವಿಯ ಲೈಸೆನ್ಸ್ ಹೊಸದು ಮಾಡಿಸಬೇಕಿತ್ತು. ತೀರ್ಥಹಳ್ಳಿಯಿಂದ ನನಗೆ ಕಾಗದ ಬಂತು. ಅರ್ಜಿದಾರನ ವಯಸ್ಸೆಷ್ಟು, ನಡತೆ ಹೇಗೆ, ಬುದ್ಧಿ ಸ್ವಾಧೀನದಲ್ಲಿದೆಯೇ, ವಿಚಾರಿಸಿ ಬರೆಯಬೇಕು.

ಮಾರನೇ ದಿನವೇ ಕನ್ನಪ್ಪನ ಹೆಂಡತಿ ಗುತ್ಯಮ್ಮ ನಮ್ಮ ಜಗಲಿಗೆ ಬಂದಳು.

"ಅಣ್ಣಾ, ಇವ್ರಿಗೆ ಕೋವಿ ಬ್ಯಾಡ ಅಂತ ಬರೀರಿ. ಹೋದ ಮಳೆಗಾಲದ ಜ್ವರ ಬಿಟ್ಟ ಮೇಲೆ ತಲೆ ಸರಿ ಇಲ್ಲ. ಹಿತ್ಲಲ್ಲಿ ಯಾರೋ ಕೊಲ್ಲಕ್ಕೆ ಬಂದಿದಾರೆ ಅಂತಾರೆ. ನಾನು ಕೇಪು ಬಚ್ಚಿಟ್ಟಿದೀನಿ."

ಮದ್ದಿಗೆ ಕಿಡಿ ಹಚ್ಚುವ ಕೇಪಿಲ್ಲದೆ ಆ ಕೋವಿ ಬರೀ ದೊಣ್ಣೆ. ನನಗೆ ಸಿಟ್ಟು ನೆತ್ತಿಗೇರಿತು.

"ಗಂಡಂಗೆ ಹುಚ್ಚು ಅಂತ ಸರ್ಕಾರಕ್ಕೆ ಬರ್ಸಕ್ಕೆ ಬಂದಿದೀಯಲ್ಲ, ನಾಚ್ಕೆ ಆಗಲ್ವಾ? ಕೋವಿ ಪಾಲೂ ಹೋಗ್ತದೆ. ಅವ್ನ ಮರ್ಯಾದಿ ಏನಾಗ್ಬೇಕು?"

"ಮರ್ಯಾದಿ ಆಮೇಲೆ ನೋಡ್ಕೊಂಡ್ರಾತು," ಅಂದಳು.

ನಾನು ಕೇಳಲಿಲ್ಲ. ಅವಳೆದುರೇ ಬರೆದೆ: ವಯಸ್ಸು ನಲವತ್ತೆರಡು, ನಡತೆ ಉತ್ತಮ, ಬುದ್ಧಿ ಸ್ವಾಧೀನದಲ್ಲಿದೆ. ನಾನೂ ಕಂಡಿದ್ದೆ, ಅಯ್ಯೋ, ಕಂಡಿದ್ದೆ. ಗದ್ದೆಯ ಬದುವಿನಲ್ಲಿ ಅವನೊಬ್ಬನೇ ನಿಂತು ಯಾರನ್ನೋ ಬೈಯುವುದನ್ನು ಎರಡು ಸಲ ಕಂಡು, ಕಾಣದವನ ಹಾಗೆ ದಾಟಿ ಹೋಗಿದ್ದೆ.

ಲೈಸೆನ್ಸ್ ಬಂತು. ತೆನೆ ಕಟ್ಟುವ ಹೊತ್ತಿಗೆ ಗದ್ದೆಗೆ ಹಂದಿ ನುಗ್ಗಿ, ಊರವರು ಬೇಟೆಗೆ ಹೊರಟರು. ಕನ್ನಪ್ಪನನ್ನು ಕರೆಯಲು ನಾನೇ ಹೋದೆ. "ಕೇಪು ಎಲ್ಲಿಟ್ಟಿದೀಯ, ತಾರೇ," ಎಂದು ಗುತ್ಯಮ್ಮನನ್ನು ಗದರಿದ್ದೂ ನಾನೇ. ಅವಳು ನನ್ನ ಮುಖವನ್ನೇ ನೋಡುತ್ತ ಮೆಣಸಿನ ಡಬ್ಬಿಯಿಂದ ಪೊಟ್ಟಣ ತೆಗೆದು ಕೊಟ್ಟಳು.

ಅವತ್ತು ಹಂದಿ ಬಿದ್ದಿದ್ದು ಕನ್ನಪ್ಪನ ಗುಂಡಿಗೆ. ಕೋವಿಯ ಪಾಲನ್ನು ಬಾಳೆ ಎಲೆಯಲ್ಲಿ ಕಟ್ಟಿಕೊಂಡು ಅವನ ಮನೆಗೆ ಹೋದೆ.

"ನೋಡ್ದೇನೇ ನಿನ್ ಗಂಡನ ಗುರಿ? ಇವ್ನಿಗೆ ಹುಚ್ಚಂತೆ!" ಎಂದು ನಕ್ಕೆ.

ಅವಳು ನಗಲಿಲ್ಲ. "ಉಳಿದ ಕೇಪು ಇಸ್ಕೊಡಿ ಅಣ್ಣಾ, ಅವ್ರ ಕಿಸೇಲಿದೆ."

"ನಾಳೆ ನೋಡಾಣ," ಎಂದು ಹೊರಟು ಬಂದೆ.

ಮೂರನೇ ದಿನ ಬೆಳಿಗ್ಗೆ ಅವಳು ಜಿಟಿಮಳೆಗೆ ಮುಖ ಕಾಣದಂತೆ ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಹಿತ್ತಿಲಲ್ಲಿ ಬಸಳೆ ಕೊಯ್ಯುತ್ತಿದ್ದಳು. ಕನ್ನಪ್ಪ ಹಿಂಬಾಗಿಲಲ್ಲಿ ನಿಂತು ಗುಂಡು ಹೊಡೆದ. ನಾನು ಓಡಿಹೋದಾಗ ಅವನ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಸಮಾಧಾನವಿತ್ತು.

"ಕೊನೆಗೂ ಸಿಕ್ಕಿದ ಬೆಳ್ಳಣ್ಣ. ನಮ್ಮೋಳನ್ನ ಕರಿ. ಇನ್ನು ಹೆದ್ರೋದು ಬ್ಯಾಡ ಅಂತ ಹೇಳು," ಅಂದ.

ಪೊಲೀಸರೆದುರು ಎಲ್ಲ ಒಪ್ಪಿಕೊಂಡೆ. ಒಪ್ಪಿಕೊಂಡರೆ ಸತ್ತವಳು ಬರುತ್ತಾಳೆಯೇ?

ಈಗ ಕನ್ನಪ್ಪ ಶಿವಮೊಗ್ಗದಲ್ಲಿ ಕಂಬಿಯ ಹಿಂದಿದ್ದಾನೆ. ಔಷಧ ಕೊಡುತ್ತಾರೆ, ಕೆಲವು ದಿನ ಅವನಿಗೆ ಎಲ್ಲವೂ ತಿಳಿಯುತ್ತದೆ. ಹೋದ ತಿಂಗಳು ನಾನು ಹೋದಾಗ ತಿಳಿದಿತ್ತು.

"ಬೆಳ್ಳಣ್ಣ, ಅವಳು ಮೊದ್ಲೇ ಬಂದು ನಿಂಗೆ ಹೇಳಿದ್ಲಂತೆ, ಹೌದಾ?"

"ಹೂಂ."

"ಮತ್ತೆ ಯಾಕೆ ಹಂಗೆ ಬರೆದೆ?"

"ನಿನ್ ಮರ್ಯಾದಿ ಉಳೀಲಿ ಅಂತ ಕಣಾ."

ಅವನು ಕಂಬಿ ಹಿಡಿದು ಹತ್ತಿರ ಬಂದ.

"ಮರ್ಯಾದಿ ತಗಂಡು ನಾನು ಏನ್ ಮಾಡ್ಲಿ ಮಾರಾಯ," ಅಂದ. "ನಂಗೆ ಅವಳು ಬೇಕಿತ್ತು."

ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಎದ್ದು ಬಂದೆ.