ಮೂರನೇ ಡಬ್ಬಿಯ ಜೀರುಂಡೆ

ಏನೋ ಬೆಳ್ಳಗೆ ಮಿಸುಕಿತು, ಸತ್ತ ಇಲಿ ಮಿಸುಕುವುದುಂಟೇ, ಥೂ, ಹುಳ, ಲ್ಯಾಬಿನ ಮೂರನೇ ಡಬ್ಬಿಯಲ್ಲಿ ಜೀರುಂಡೆ ಮರಿಗಳ ಊಟಕ್ಕೆಂದು ಇಟ್ಟ ಇಲಿಯ ಮೈತುಂಬ ನೊಣದ ಹುಳ, ಮಿಕ್ಕ ಡಬ್ಬಿಗಳಲ್ಲಿ ಒಂದೂ ಇಲ್ಲ, ಯಾರೋ ಮುಚ್ಚಳ ತೆಗೆದಿದ್ದಾರೆ — ಯಾರೋ ಏನು, ಅವಳೇ, ನಿನ್ನೆ ಕುಂಚ ಹಿಡಿದು ಜೀರುಂಡೆಯ ಹೊಟ್ಟೆಯಡಿಯ ನುಸಿಗಳನ್ನೆಲ್ಲ ಗುಡಿಸಿ ಹಾಕಿದ್ದಳು, ಪಾಪದ್ದು, ಎಷ್ಟನ್ನು ಹೊತ್ತು ತಿರುಗುತ್ತಿತ್ತು, ರೆಕ್ಕೆ ಇದರದು, ಬಿಟ್ಟಿ ಸವಾರಿ ಅವುಗಳದು, ಥೇಟ್ ಆ ಸಿಳ್ಳೆಯವನ ಹಾಗೆ, ಅಣ್ಣನ ಗಡಿಯಾರದಂಗಡಿಗೆ ಕೈಗಡಿಯಾರದ ಪಟ್ಟಿ ಹಾಕಿಸಲು ಬಂದವನು ಆರು ತಿಂಗಳಿಂದ ಮನೆಯಲ್ಲೇ ಠಿಕಾಣಿ, ಬೆರಳು ತೋರಿಸಿದರೆ ಹಸ್ತ ನುಂಗುವ ಜಾತಿ, ಊಟಕ್ಕೆ ಕೂತರೆ ಯಜಮಾನಿಕೆ ಬೇರೆ, ಲೋಟ ಎಡಗಡೆ ಇದೆ ಅಣ್ಣಾ, ಬಿಸಿ ಇದೆ ನಿಧಾನ, ಅಣ್ಣನಿಗೇನು ಕಣ್ಣಿಲ್ಲವೇ, ಬೆಳಗಾದರೆ ಬೀದಿಯೆಲ್ಲ ತನ್ನದೆಂಬಂತೆ ಸಿಳ್ಳೆ ಹಾಕುತ್ತ ಅವನು ಮುಂದೆ, ಕರುವಿನ ಹಾಗೆ ಅಣ್ಣ ಹಿಂದೆ, ಏನು ಮದ್ದು ಹಾಕಿದ್ದಾನೋ, ಮನೆಯ ಮೇಲೇ ಕಣ್ಣಿರಬೇಕು, ನಿನ್ನೆ ಸಂಜೆ ಹೇಳಿಯೇಬಿಟ್ಟಳು, ಅಣ್ಣ ಸ್ನಾನಕ್ಕೆ ಹೋದಾಗ, ನಿಮ್ಮ ದಾರಿ ನೀವು ನೋಡ್ಕೊಳಿ, ಅವನು ಜಗಳಕ್ಕೂ ನಿಲ್ಲಲಿಲ್ಲ, ಅದೇ ಅನುಮಾನ, ಬಾಗಿಲಲ್ಲಿ ತಿರುಗಿ, ನಾಳೆ ಅಂಗಡಿವರೆಗೆ ಅಣ್ಣನ ಜೊತೆಗೆ ನೀವು ಹೋಗ್ತೀರಾ ಅಂದ, ಯಾಕೆ, ಅವನೇನು ಮಗುವೇ ಅಂದಳು, ಹೊರಟುಹೋದ.

ಲ್ಯಾಬಿನ ಮೇಡಂ ಡಬ್ಬಿಯೊಳಗೆ ಬಗ್ಗಿ ನೋಡಿದರು, ನುಸಿ ತೆಗೆದವರು ಯಾರು, ನೊಣದ ಮೊಟ್ಟೆ ತಿನ್ನೋದೇ ಅವು ಕಣ್ರೀ, ಅವಿಲ್ದೆ ಇದ್ರೆ ಜೀರುಂಡೆ ಮರಿಗಳಿಗೆ ಊಟವೇ ಉಳಿಯಲ್ಲ. ಗೊತ್ತಿಲ್ಲ ಮೇಡಂ. ಸುಳ್ಳು ಎಷ್ಟು ಸಲೀಸಾಗಿ ಬಂತು, ಬೆಳಿಗ್ಗೆಯೂ ಹಾಗೇ ಬಂದಿತ್ತು, ಎಲ್ಲಿ ಅವನು, ಸಿಳ್ಳೆ ಕೇಳಿಸ್ತಾ ಇಲ್ವಲ್ಲ ಅಂದ ಅಣ್ಣ, ಊರಿಗೆ ಹೋದ್ರಂತೆ ಅಂದಳು, ಓ ಅಂದ, ಬಾಗಿಲ ಚೌಕಟ್ಟು ಹಿಡಿದು ಬಹಳ ಹೊತ್ತು ನಿಂತ, ಮುನಿಸು ಅಂದುಕೊಂಡಳು, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ಆಮೇಲೆ ಮೆಟ್ಟಿಲನ್ನು ಕಾಲಲ್ಲಿ ತಡವಿ — ತಡವಿ ಇಳಿದ, ನೋಡಿ ಅಲ್ಲ, ಎಡಗಡೆ ಇದೆ ಅಣ್ಣಾ, ಬಿಸಿ ಇದೆ, ಅಯ್ಯೋ, ಸಿಳ್ಳೆ, ಸಿಳ್ಳೆಯ ಹಿಂದೆ ನಡೆಯುತ್ತಿದ್ದ, ಸೂಕ್ಷ್ಮ ಕೆಲಸದವನು, ಕಣ್ಣು ಹೋಗುತ್ತಿದೆ ಅಂತ ತಂಗಿಗೂ ಹೇಳಲಿಲ್ಲ, ಎರಡು ದೊಡ್ಡ ರಸ್ತೆ ದಾಟಬೇಕು, ಅಂಗಡಿಗೆ ಫೋನ್ ಮಾಡಿದಳು, ಹನ್ನೊಂದಾಯಿತು, ಒಂಬತ್ತಕ್ಕೇ ತೆರೆಯುವ ಅಂಗಡಿ, ಫೋನ್ ಗಂಟೆ ಹೊಡೆಯುತ್ತಿದೆ, ಯಾರೂ ಎತ್ತುತ್ತಿಲ್ಲ, ಮತ್ತೆ ಒತ್ತಿದಳು, ಎತ್ತೋ ಅಣ್ಣಾ, ಹೊಡೆಯುತ್ತಿದೆ, ಗಾಜಿನಾಚೆ ಜೀರುಂಡೆ, ಅವಳೇ ಗುಡಿಸಿದ್ದು, ಹೊಟ್ಟೆಯಡಿ ಒಂದೂ ಇಲ್ಲ, ಶುಭ್ರವಾಗಿ ಫಳಫಳ ಹೊಳೆಯುತ್ತ, ಗೋಡೆ ತಡವುತ್ತ, ಒಂದೇ ಸಮನೆ ಸುತ್ತುತ್ತಿದೆ.